ಗುಳಿಗೆ ಸರ್ಕಾರದ್ದು, ಧೈರ್ಯ ಅಕ್ಕನದು

ಬೆಳಗಿನ ಆರೂಕಾಲರ ಬಸ್ಸು. ಡ್ರೈವರ್ ಸಾಹೇಬರು ಇನ್ನೂ ಚಹಾದಂಗಡಿಯಲ್ಲಿ ಬಸಿಗೆ ಸುರಿದ ಚಹಾ ಊದುತ್ತಿದ್ದರು. ಹಿಂದಿನ ಸೀಟಿನ ಕಿಟಕಿ ಪಕ್ಕ ತಲೆತುಂಬ ಸೆರಗು ಹೊದ್ದು ಕೂತಿದ್ದಾಕೆ ಏಳು ತಿಂಗಳ ಬಸುರಿ. ಕೈಯಲ್ಲಿ ಒಂದು ವಾಯರ್ ಚೀಲ. ಚೀಲದಲ್ಲಿ ಎರಡು ರೊಟ್ಟಿ, ನೀರಿನ ಬಾಟಲಿ, ಒಂದು ಹಸಿರು ಪುಸ್ತಕ. ಆ ಪುಸ್ತಕವನ್ನು ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು.

ಆಕೆ ಹೊರಟಿದ್ದು ಪಕ್ಕದ ಜಿಲ್ಲೆಯ ದೊಡ್ಡಾಸ್ಪತ್ರೆಗೆ. ಎರಡೂವರೆ ತಾಸಿನ ಹಾದಿ. ಅಲ್ಲಿ ಕೊಡುವ ಗುಳಿಗೆಯನ್ನೇ ಬಾಗಲಕೋಟೆ ಜಿಲ್ಲೆಯಲ್ಲೂ ಪುಕ್ಕಟೆ ಕೊಡುತ್ತಾರೆ. ಹಾಗಿದ್ದರೂ ತುಂಬಿದ ಹೊಟ್ಟೆ ಹೊತ್ತು ಅಷ್ಟು ದೂರ ಯಾಕೆ ಕುಲುಕಾಡಿಕೊಂಡು ಹೋಗಬೇಕು ಎಂದು ಯಾರಿಗಾದರೂ ಅನ್ನಿಸೀತು. ಕಾರಣ ಸರಳ. ಇಲ್ಲಿಯ ಎ.ಆರ್.ಟಿ. ಕೇಂದ್ರದ ಬಾಗಿಲ ಮುಂದೆ ನಿಂತರೆ ಊರಿನವರ ಪೈಕಿ ಒಬ್ಬರಾದರೂ ನೋಡುತ್ತಾರೆ. ನೋಡಿದವರು ಊರಿಗೆ ಬಂದು ಚಹಾದಂಗಡಿಯಲ್ಲಿ ಕೂತು ಬಾಯಿ ಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಹೌದು, ಆಕೆಗೆ ಎಚ್.ಐ.ವಿ. ಇದೆ.

ಆಕೆಯ ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅದು ಬರೀ ಸೌಜನ್ಯದ ಮಾತಲ್ಲ. 2017ರ ಎಚ್.ಐ.ವಿ. ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಸ್ಥಿತಿ ಬಯಲು ಮಾಡುವ ಹಾಗಿಲ್ಲ. ಚಹಾದಂಗಡಿಗೆ ಮಾತ್ರ ಈ ಕಾಯ್ದೆ ಇನ್ನೂ ತಲುಪಿಲ್ಲ.

ಬಸುರಿಯ ಪಕ್ಕದಲ್ಲಿ ಇನ್ನೊಬ್ಬಾಕೆ ಕೂತಿದ್ದಳು. ವಯಸ್ಸು ನಲವತ್ತರ ಮೇಲೆ. ಬಾಯಲ್ಲಿ ಎಲೆ ಅಡಿಕೆ, ಜೋರು ದನಿ, ಕಂಡಕ್ಟರನಿಗೂ ಪರಿಚಯ. ನೋಡಿದವರು ದೊಡ್ಡಮ್ಮನೋ ಚಿಗವ್ವನೋ ಇರಬೇಕು ಅಂದುಕೊಳ್ಳಬೇಕು. ಸಂಬಂಧ ಏನೂ ಇಲ್ಲ. ಆಕೆಯನ್ನು ಎಲ್ಲರೂ ಕರೆಯುವುದು ಅಕ್ಕ ಅಂತ. ಅಕ್ಕನಿಗೂ ಎಚ್.ಐ.ವಿ. ಇದೆ. ಆಕೆ ಮಾಡುವ ಕೆಲಸ ಇಷ್ಟೇ: ತನ್ನಂತೆ ಈ ಸುದ್ದಿ ಕೇಳಿ ಕುಸಿದ ಬಸುರಿಯರ ಪಕ್ಕ ಕೂಡುವುದು.

ಅಕ್ಕನ ಕತೆ

ಅಕ್ಕ ಚೊಚ್ಚಲ ಮಗುವನ್ನು ಎರಡು ವರ್ಷ ತುಂಬುವ ಮೊದಲೇ ಕಳೆದುಕೊಂಡಳು. ಏನು ಬೇನೆ ಅಂತ ಯಾರೂ ಹೇಳಲಿಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲ. ಅಂತ್ರ ಕಟ್ಟಿಸಿದರು, ದೇವರು ಕೇಳಿಸಿದರು. 2006ರಲ್ಲಿ ಎರಡನೇ ಬಸುರಿನಲ್ಲಿ ರಕ್ತ ಪರೀಕ್ಷೆ ಆದಾಗ ಗೊತ್ತಾಯಿತು.

"ಆವತ್ತು ದವಾಖಾನಿ ಹಿಂದಿನ ಬೇವಿನಗಿಡದ ಬುಡಕ ಸಂಜೀತನಕ ಕುಂತಿದ್ದೆ ತಮ್ಮಾ. ಬಾವಿ ನೋಡೂದೋ, ಮನಿಗೆ ಹೋಗೂದೋ ಅಂತ. ಯಾರಾರ ಒಬ್ಬಾಕಿ ಬಂದು, 'ನನಗೂ ಐತವಾ, ನಾ ಬದುಕೇನಿ ನೋಡು' ಅಂದಿದ್ರ ಸಾಕಾಗಿತ್ತು. ಒಬ್ಬಾಕೀನೂ ಬರಲಿಲ್ಲ," ಅನ್ನುತ್ತಾಳೆ ಅಕ್ಕ.

ಆ ಕಾಲಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ಉಪಾಯ. ಬೇನೆ ಶುರುವಾದಾಗ ತಾಯಿಗೆ ಒಂದು ನೆವಿರಪಿನ್ ಗುಳಿಗೆ, ಹುಟ್ಟಿದ ಕೂಸಿಗೆ ಒಂದಿಷ್ಟು ಅದೇ ಔಷಧಿಯ ಸಿರಪ್. ದೇಶದಲ್ಲಿ 2002ರಲ್ಲಿ ಶುರುವಾದ ಕಾರ್ಯಕ್ರಮ ಅದು. ಅಕ್ಕ ಆ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಂಬತ್ತನೇ ತಿಂಗಳು ಪೂರಾ ಓಡಾಡಿದಳು. ಹೆರಿಗೆ ಆಯಿತು. ಗಂಡು. ಕಡೆಯ ಪರೀಕ್ಷೆಯಲ್ಲಿ ಅವನಿಗೆ ರೋಗ ಇಲ್ಲ ಅಂತ ಬಂತು. ಅಕ್ಕನ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದ. ಆ ಹುಡುಗ ಈಗ ಪಿ.ಯು.ಸಿ. ಪಾಸು ಮಾಡಿ ಗ್ಯಾರೇಜು ಕೆಲಸ ಕಲಿಯುತ್ತಿದ್ದಾನೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಾದ ನನಗೆ ಅವನ ಮುಂದೆ ಮಾತಾಡಲು ಸ್ವಲ್ಪ ನಾಚಿಕೆಯೇ ಆಯಿತು.

ಈ ಮಗನೇ ಅಕ್ಕನ ಬಂಡವಾಳ. ಡಾಕ್ಟರು ನೂರು ಮಾತು ಹೇಳಲಿ, ಕೇಳುವ ಬಸುರಿಗೆ ಒಂದೂ ಕಿವಿಗೆ ಬೀಳುವುದಿಲ್ಲ. ಅಕ್ಕ ಮೊಬೈಲು ತೆಗೆದು ಮಗನ ಫೋಟೋ ತೋರಿಸುತ್ತಾಳೆ. "ಇಂವ ನನ್ನ ಹೊಟ್ಟ್ಯಾಗ ಹುಟ್ಟಿದಾಂವ. ಇವಗ ಇಲ್ಲ. ನಿನ್ನ ಕೂಸಿಗೂ ಬರಂಗಿಲ್ಲ, ನಾ ಹೇಳಿದಂಗ ಕೇಳು." ಅಷ್ಟೇ ಪಾಠ.

ಲೆಕ್ಕ ಏನು ಹೇಳುತ್ತದೆ

ಇದು ಬರೀ ಸಮಾಧಾನದ ಮಾತೇ ಅಂತ ಅನುಮಾನ ಇರುವವರಿಗೆ ಲೆಕ್ಕ ಇಲ್ಲಿದೆ. ಏನೂ ಔಷಧಿ ಮಾಡದೆ ಬಿಟ್ಟರೆ ಎಚ್.ಐ.ವಿ. ಇರುವ ತಾಯಿಯಿಂದ ಕೂಸಿಗೆ ರೋಗ ದಾಟುವ ಸಂಭವ ನೂರಕ್ಕೆ 15ರಿಂದ 45 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ — ದಾಟುವ ದಾರಿ ಈ ಮೂರು. ತಾಯಿ ಸರಿಯಾಗಿ ಔಷಧಿ ತೆಗೆದುಕೊಂಡರೆ ಅದೇ ಸಂಭವ ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯುತ್ತದೆ.

ಔಷಧಿಯೂ ಸುಧಾರಿಸಿದೆ. 2004ರ ಏಪ್ರಿಲ್‌ನಿಂದ ದೇಶದಲ್ಲಿ ಎ.ಆರ್.ಟಿ. ಪುಕ್ಕಟೆ ಸಿಗಲು ಶುರುವಾಯಿತು. ಬಸುರಿಯರಿಗೆ ಒಂಟಿ ಗುಳಿಗೆಯ ಬದಲು ಮೂರು ಔಷಧಿ ಕೂಡಿಸಿ ಕೊಡುವ ಪದ್ಧತಿ 2012ರಲ್ಲಿ ಮೊದಲು ಬಂದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಈಗ ರೋಗ ಗೊತ್ತಾದ ದಿನದಿಂದಲೇ ಜೀವನಪೂರ್ತಿ ಔಷಧಿ. ಬಹುಮಂದಿಗೆ ದಿನಕ್ಕೊಂದೇ ಗುಳಿಗೆ.

ಬಾಗಲಕೋಟೆ ಜಿಲ್ಲೆಗೆ ಈ ಲೆಕ್ಕ ಹೊಸದಲ್ಲ. 2003ರಲ್ಲಿ ಇಲ್ಲಿ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಿರ ಹತ್ತಿರ ಮೂವರಿಗೆ ಎಚ್.ಐ.ವಿ. ಕಂಡಿತ್ತು. ಪಟ್ಟಣದ ರೋಗ ಅಂದುಕೊಂಡಿದ್ದು ಹಳ್ಳಿಯಲ್ಲೂ ಕೂತಿತ್ತು. ಆಗ ನಮ್ಮಂಥ ಪತ್ರಿಕೆಗಳು 'ಮಹಾಮಾರಿ' ಎಂದು ದಪ್ಪಕ್ಷರದಲ್ಲಿ ಹಾಕಿ ಪ್ರತಿ ಖರ್ಚು ಮಾಡಿಕೊಂಡವು. ಆಮೇಲಿನ ವರ್ಷಗಳಲ್ಲಿ ರೋಗ ಇಳಿಯಿತು. ಇಳಿದ ಸುದ್ದಿ ದಪ್ಪಕ್ಷರಕ್ಕೆ ಏರಲಿಲ್ಲ. ಹೀಗಾಗಿ ಜನರ ತಲೆಯಲ್ಲಿ ಇಂದಿಗೂ ಇರುವುದು ಹಳೆಯ ಹೆಡ್‌ಲೈನೇ.

ಸೀಸೆಯ ಸದ್ದು

ಗುಳಿಗೆ ಇದೆ, ಪುಕ್ಕಟೆ ಇದೆ. ಹಾಗಾದರೆ ಅಕ್ಕನ ಅಗತ್ಯ ಏನು? ಈ ಪ್ರಶ್ನೆ ನಾನೂ ಕೇಳಿದೆ. ಅಕ್ಕ ನಕ್ಕಳು. "ಗುಳಿಗಿ ಕೊಟ್ಟಾರ, ಇಡಾಕ ಜಾಗಾ ಕೊಟ್ಟಾರೇನು?"

ಮೂವತ್ತು ಗುಳಿಗೆಯ ಪ್ಲಾಸ್ಟಿಕ್ ಸೀಸೆ. ಎತ್ತಿದರೆ ಗಲಗಲ ಸದ್ದು. ಎಂಟು ಜನರ ಕೂಡು ಮನೆ, ಇರುವುದು ಒಂದೇ ಟ್ರಂಕು, ಅದರ ಕೀಲಿಯೂ ಅತ್ತೆಯ ಸೊಂಟದಲ್ಲಿ. ಸೊಸೆ ಗುಳಿಗೆ ಎಲ್ಲಿಡಬೇಕು? ಅಕ್ಕ ಕಲಿಸುವುದು ಇಂಥವು. ಸೀಸೆಯಲ್ಲಿ ಹತ್ತಿ ತುರುಕು, ಸದ್ದಾಗುವುದಿಲ್ಲ. ಮೇಲಿನ ಚೀಟಿ ನೆನೆಸಿ ಕಿತ್ತುಹಾಕು. ರಾತ್ರಿ ಎಲ್ಲರೂ ಟಿ.ವಿ. ಮುಂದೆ ಕೂತ ಹೊತ್ತಿಗೆ ನುಂಗು, ದಿನಾ ಅದೇ ಹೊತ್ತು. ಅತ್ತೆ ಕೇಳಿದರೆ ರಕ್ತ ಕಡಿಮೆ ಇದೆ ಅಂತ ಡಾಕ್ಟರು ಕೊಟ್ಟಿದ್ದಾರೆ ಅನ್ನು. ಬಸುರಿಯರಿಗೆಲ್ಲ ಕಬ್ಬಿಣದ ಗುಳಿಗೆ ಕೊಡುತ್ತಾರಲ್ಲ, ಯಾರಿಗೂ ಸಂಶಯ ಬರುವುದಿಲ್ಲ.

ಸುಳ್ಳು ಕಲಿಸುವುದು ಸರಿಯೇ ಎಂದು ಕೇಳುವವರು ಇರಬಹುದು. ಕೇಳುವವರು ಒಂದು ವಾರ ಆ ಮನೆಯಲ್ಲಿ ಸೊಸೆಯಾಗಿ ಇದ್ದು ನೋಡಲಿ. ಅಕ್ಕ ಅಷ್ಟಕ್ಕೇ ನಿಲ್ಲಿಸುವುದೂ ಇಲ್ಲ. ಮೊದಲು ಗಂಡನನ್ನು ಪರೀಕ್ಷೆಗೆ ಕರೆತರಲು ನೋಡುತ್ತಾಳೆ. ಗಂಡ ಒಪ್ಪಿದರೆ ಅರ್ಧ ಕೆಲಸ ಆದ ಹಾಗೆ. ಒಪ್ಪದೆ "ನಿನ್ನಿಂದಲೇ ಬಂದದ್ದು" ಎಂದು ಹೊರಗೆ ಹಾಕಿದ್ದೂ ಉಂಟು. ಬಸುರಿಯರಿಗೆ ಪರೀಕ್ಷೆ ಮೊದಲಾಗುವುದರಿಂದ ರೋಗ ಮೊದಲು ಕಾಣುವುದು ಅವರಲ್ಲಿ. ಮೊದಲು ಕಂಡವರ ಮೇಲೆಯೇ ತಪ್ಪು ಹೊರಿಸುವುದು ನಮ್ಮ ನ್ಯಾಯ.

ಇನ್ನೊಂದು ಗಂಡಾಂತರ ತವರುಮನೆ. ಕುಬಸ ಮಾಡಿ ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗುತ್ತಾರೆ. ಹುಡುಗಿ ಅಲ್ಲಿ ಮೂರ್ನಾಲ್ಕು ತಿಂಗಳು ಇರುತ್ತಾಳೆ. ಚೀಲದಲ್ಲಿ ಒಯ್ದ ಗುಳಿಗೆ ಮುಗಿಯುತ್ತದೆ. ತವರಿನವರಿಗೆ ಗೊತ್ತಿಲ್ಲ, ಗಂಡ ತಂದುಕೊಡುವುದಿಲ್ಲ. ಹೆರಿಗೆಯ ಮುಂಚಿನ ವಾರಗಳಲ್ಲೇ, ಎಂದರೆ ಎಲ್ಲಕ್ಕಿಂತ ಬೇಕಾದ ಹೊತ್ತಿನಲ್ಲಿ, ಔಷಧಿ ತಪ್ಪುತ್ತದೆ. ಇದನ್ನು ಯಾವ ಕಂಪ್ಯೂಟರೂ ಮುಂಚೆ ಹೇಳುವುದಿಲ್ಲ. ಅಕ್ಕ ಐದನೇ ತಿಂಗಳಲ್ಲೇ ಕೇಳಿಟ್ಟುಕೊಳ್ಳುತ್ತಾಳೆ: "ಕುಬಸ ಯಾವಾಗ? ತವರು ಯಾವೂರು?" ಆ ಊರ ಕಡೆಯ ಕೇಂದ್ರಕ್ಕೆ ಚೀಟಿ ಬರೆಸಿಕೊಡುತ್ತಾಳೆ. ಒಮ್ಮೆ ಕುಬಸದ ಊಟಕ್ಕೆ ತಾನೇ ಖಣ ಹಿಡಿದು ಹೋಗಿ, ಉಡಿ ತುಂಬುವಾಗ ಅಕ್ಕಿಯ ಕೆಳಗೆ ಗುಳಿಗೆಯ ಪಾಕೀಟು ಇಟ್ಟುಬಂದಿದ್ದಳಂತೆ.

ಗುಟ್ಟಿಯ ಗಂಟು

ಕೂಸು ಹುಟ್ಟಿದ ಮೇಲಿನದು ಇನ್ನೂ ಕಷ್ಟ. ನಿಯಮ ಹೇಳಲು ಸುಲಭ. ಹುಟ್ಟಿದ ಕೂಡಲೇ ಕೂಸಿಗೆ ಸಿರಪ್ ಶುರು, ಕನಿಷ್ಠ ಆರು ವಾರ. ಆರು ತಿಂಗಳತನಕ ಬರೀ ಎದೆಹಾಲು. ನೀರೂ ಇಲ್ಲ, ಜೇನೂ ಇಲ್ಲ, ಹಸುವಿನ ಹಾಲೂ ಇಲ್ಲ. ಎದೆಹಾಲಿನ ಜೊತೆ ಮೇಲಿನದನ್ನು ಬೆರೆಸಿದರೆ ಎಳೆಗರುಳಿಗೆ ಪೆಟ್ಟಾಗಿ ರೋಗ ಹೋಗಲು ದಾರಿಯಾಗುತ್ತದೆ ಎಂಬುದು ವೈದ್ಯರ ವಿವರಣೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಮೊದಲು ಇದರ ಸುಳಿವು ಕೊಟ್ಟಿತು. ಬರೀ ಎದೆಹಾಲು ಕುಡಿದ ಕೂಸುಗಳಿಗಿಂತ ಬೆರಕೆ ಹಾಲು ಕುಡಿದ ಕೂಸುಗಳಿಗೇ ಹೆಚ್ಚು ರೋಗ ತಗುಲಿತ್ತು.

ಆದರೆ ನಮ್ಮ ಕಡೆ ಬಾಣಂತಿಯ ಕೋಣೆಯಲ್ಲಿ ಡಾಕ್ಟರ ಮಾತು ನಡೆಯುತ್ತದೆಯೇ ಸ್ವಾಮಿ? ಅಲ್ಲಿ ರಾಜ್ಯ ಆಳುವುದು ಅಜ್ಜಿ. ಬಜೆ, ಅಳಲೆಕಾಯಿ, ಜಾಯಿಕಾಯಿ ತೇದು ಗುಟ್ಟಿ ಹಾಕದಿದ್ದರೆ ಕೂಸಿಗೆ ಹೊಟ್ಟೆ ಉಬ್ಬರಿಸುತ್ತದೆ ಎಂಬುದು ಆಕೆಯ ಶಾಸ್ತ್ರ. ಗುಟ್ಟಿ ಬೇಡ ಎಂದ ಸೊಸೆ ಅಧಿಕಪ್ರಸಂಗಿ. ಯಾಕೆ ಬೇಡ ಎಂದು ಹೇಳುವ ಹಾಗೂ ಇಲ್ಲ.

ಅಕ್ಕ ಇಲ್ಲಿ ಬೇರೆಯೇ ವೇಷದಲ್ಲಿ ಬರುತ್ತಾಳೆ. ಕೆಲವು ಮನೆಗೆ ಸೀರೆ ವ್ಯಾಪಾರದಾಕೆ, ಕೆಲವು ಮನೆಗೆ ಸಂಘದಾಕೆ. ಅಜ್ಜಿಯ ಹತ್ತಿರ ಕೂತು ಎಲೆ ಅಡಿಕೆ ಹಾಕಿ, "ಆಯೀ, ಈಗಿನ ಡಾಕ್ಟರು ಯಾ ಕೂಸಿಗೂ ಗುಟ್ಟಿ ಬ್ಯಾಡ ಅಂತಾರ. ಸಾವ್ಕಾರ ಮನಿ ಸೊಸೀನೂ ಹಾಕಿಲ್ಲ ನೋಡ್ರಿ" ಅನ್ನುತ್ತಾಳೆ. ಆರು ತಿಂಗಳು ಬರೀ ಎದೆಹಾಲು ಎಂಬುದು ಎಲ್ಲ ಕೂಸಿಗೂ ಹೇಳುವ ಮಾತೇ ಆದ್ದರಿಂದ ಇದರಲ್ಲಿ ಸುಳ್ಳೂ ಇಲ್ಲ. ಸಾಹುಕಾರರ ಹೆಸರು ಕೇಳಿದ ಮೇಲೆ ಅಜ್ಜಿ ತೇಯುವ ಕಲ್ಲನ್ನು ಬದಿಗೆ ಸರಿಸುತ್ತಾಳೆ. ಎಲ್ಲ ಮನೆಯಲ್ಲೂ ಅಲ್ಲ, ಕೆಲವು ಮನೆಯಲ್ಲಿ.

ಈ ಕೆಲಸ ಕೌನ್ಸಿಲರ್ ಮಾಡಲಾರರೇ? ಅವರ ಮೇಲೆ ನನ್ನ ದೂರಿಲ್ಲ. ಬಾಗಿಲ ಹೊರಗೆ ಸಾಲು ನಿಂತಿರುತ್ತದೆ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅದರಲ್ಲಿ ಗುಳಿಗೆಯ ಮಾತಾಗುತ್ತದೆ, ಗುಟ್ಟಿಯ ಮಾತಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಗಂಡ ಹೊಡೆದು ಹೊರಗೆ ಹಾಕಿದರೆ ಫೋನು ಮಾಡುವುದು ಅಕ್ಕನಿಗೇ.

ಕೆಂಪು ಶಾಯಿ

ಒಂದು ಮಾತು ನನ್ನ ಕಡೆಯಿಂದಲೂ ಒಪ್ಪಿಕೊಳ್ಳಬೇಕು. ಹದಿನೈದು ವರ್ಷದ ಹಿಂದೆ, ನಾನು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾಗ, ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಹೆರಿಗೆಗೆ ರಿಕ್ಷಾ ಮಾಡಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ಯಾವ ಆಸ್ಪತ್ರೆ ಎಂಬುದು ಬೇಡ. ಆಕೆಯ ಕೇಸ್ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿದ್ದರು. ಆ ಹಾಳೆಯನ್ನು ಮಂಚದ ಕಾಲಕಡೆ ತೂಗುಹಾಕಿದ್ದರು. ವಾರ್ಡಿಗೆ ಬಂದ ನೆಂಟರೆಲ್ಲ ಓದಿದರು. ಕಸ ಗುಡಿಸುವಾಕೆ ಆ ಮಂಚದ ಕೆಳಗೆ ಕಸಬರಿಗೆ ಹಾಕಲಿಲ್ಲ. ನಾನು ಏನು ಮಾಡಿದೆ? ಓದಿದೆ, ಹೊರಗೆ ಬಂದು ನಳದ ಕೆಳಗೆ ಕೈ ತೊಳೆದುಕೊಂಡೆ. ಮುಟ್ಟಿದರೆ ಬರುವುದಿಲ್ಲ ಅಂತ ಗೊತ್ತಿದ್ದೂ ತೊಳೆದೆ.

ಈಗ ಹಾಗೆ ಬರೆದು ತೂಗುಹಾಕಿದರೆ ಕಾಯ್ದೆಗೆ ವಿರುದ್ಧ. ಸ್ಥಿತಿ ಕಾರಣ ಮಾಡಿ ಚಿಕಿತ್ಸೆ ನಿರಾಕರಿಸುವ ಹಾಗೂ ಇಲ್ಲ. ಆದರೂ ಹೆರಿಗೆ ಕೋಣೆಯ ಬಾಗಿಲಲ್ಲಿ ಒಬ್ಬಾಕೆ ಗಟ್ಟಿ ದನಿಯಲ್ಲಿ "ಏನ್ರಿ ಸಿಸ್ಟರ್, ಯಾಕ ತಡಾ?" ಅಂತ ಕೇಳುವವಳು ನಿಂತಿದ್ದರೆ ಕಾಯ್ದೆ ಸ್ವಲ್ಪ ಜಲ್ದಿ ಕೆಲಸ ಮಾಡುತ್ತದೆ. ಅಕ್ಕನ ಆ ಜೋರು ದನಿ ಯಾಕೆ ಅಂತ ನನಗೆ ಆಮೇಲೆ ಅರ್ಥವಾಯಿತು.

ಬೇರೆ ದೇಶದಲ್ಲಿ ಸಂಬಳ

ಅಕ್ಕ ಇಲ್ಲಿ ಹೇಳಹೆಸರಿಲ್ಲದೆ ಮಾಡುವ ಕೆಲಸಕ್ಕೆ ಆಫ್ರಿಕಾದಲ್ಲಿ ಹೆಸರೂ ಇದೆ, ಸಂಬಳವೂ ಇದೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಮಿಚ್ ಬೆಸ್ಸರ್ ಎಂಬ ಅಮೆರಿಕದ ಹೆರಿಗೆ ಡಾಕ್ಟರು 'ಮದರ್ಸ್ ಟು ಮದರ್ಸ್' ಎಂಬ ಸಂಸ್ಥೆ ಶುರುಮಾಡಿದರು. ತಮ್ಮ ಮಾತಿಗಿಂತ, ಇದೇ ಹಾದಿ ದಾಟಿಬಂದ ತಾಯಂದಿರ ಮಾತು ಬಸುರಿಯರಿಗೆ ಹೆಚ್ಚು ನಾಟುತ್ತದೆ ಎಂಬುದೇ ಅವರು ಕಂಡುಕೊಂಡದ್ದು. ಅಂಥ ತಾಯಂದಿರಿಗೆ ತರಬೇತಿ ಕೊಟ್ಟು, 'ಮೆಂಟರ್ ಮದರ್' ಎಂದು ಹೆಸರಿಟ್ಟು, ಕ್ಲಿನಿಕ್ಕಿನಲ್ಲೇ ಕೂಡಿಸಿ, ಸಂಬಳ ಕೊಟ್ಟರು. ಅದು ಆಫ್ರಿಕಾದ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ಕೀನ್ಯಾ ಸರ್ಕಾರ ಇಂಥದ್ದನ್ನು ತನ್ನ ಕಾರ್ಯಕ್ರಮದೊಳಗೇ ಸೇರಿಸಿಕೊಂಡಿತು. ಆದರೆ ಅಲ್ಲೂ ಬಹುಪಾಲು ನಡೆದದ್ದು ಹೊರಗಿನ ದುಡ್ಡಿನಿಂದ. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಆ ಖಂಡದ ಎಚ್.ಐ.ವಿ. ಕೆಲಸಕ್ಕೆಲ್ಲ ಏಟು ಬಿತ್ತು.

ನಮ್ಮಲ್ಲಿ ಏನೂ ಇಲ್ಲ ಎಂದರೆ ಅನ್ಯಾಯವಾದೀತು. ಎ.ಆರ್.ಟಿ. ಕೇಂದ್ರದಲ್ಲಿ ಕೇರ್ ಕೋಆರ್ಡಿನೇಟರ್ ಎಂಬ ಹುದ್ದೆ ಇದೆ. ರೋಗ ಇದ್ದವರಿಗೇ ಅದರಲ್ಲಿ ಆದ್ಯತೆ. 2013ರಲ್ಲಿ ಶುರುವಾದ 'ವಿಹಾನ್' ಯೋಜನೆಯ ಆರೈಕೆ ಕೇಂದ್ರಗಳು ರೋಗ ಇದ್ದವರ ಸಂಘಗಳ ಜೊತೆಗೂಡಿ ಕೆಲಸ ಮಾಡಿದವು. ಚೆನ್ನೈಯಲ್ಲಿ ಕೌಸಲ್ಯಾ ಪೆರಿಯಸಾಮಿ ಎಂಬಾಕೆ ಇನ್ನೂ ಔಷಧಿಯೇ ಕೈಗೆ ಸಿಗದ 1998ರಲ್ಲಿ ರೋಗ ಇದ್ದ ಹೆಂಗಸರ ಜಾಲ ಕಟ್ಟಿದವರು. ಆದರೆ ಬಸುರಿ-ಬಾಣಂತಿಯ ಮನೆಯ ಒಳಕೋಣೆತನಕ ಹೋಗುವ ಅಕ್ಕನಂಥವರಿಗೆ ಕಾಯಂ ಹುದ್ದೆ ಎಂಬುದು ನಮ್ಮ ಅಕ್ಕ ಕಂಡದ್ದಲ್ಲ. ಆಕೆ ಕಂಡದ್ದು ಪ್ರಾಜೆಕ್ಟು. ಮೂರು ವರ್ಷ ಗೌರವಧನ ಬಂತು, ಮುಗಿಯಿತು. ಇನ್ನೊಂದು ಬಂತು, ಅದೂ ಮುಗಿಯಿತು.

ಈಗ ಅಕ್ಕನ ಮನೆ ನಡೆಯುವುದು ಹೊಲಿಗೆ ಮಷಿನ್ನಿನಿಂದ. ಬ್ಲೌಸಿನ ಕೂಲಿಯಲ್ಲೇ ಫೋನಿನ ರೀಚಾರ್ಜು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಆದದ್ದರಿಂದ ಓಡಾಟ ಉಳಿಯಿತು, ಇಲ್ಲದಿದ್ದರೆ ಅದನ್ನೂ ಬಿಡಬೇಕಾಗಿತ್ತು ಅನ್ನುತ್ತಾಳೆ. ಶಕ್ತಿ ಯೋಜನೆಯನ್ನು ಬೈಯುವವರು ನಮ್ಮ ಬಸ್ಸಿನಲ್ಲಿ ಬೇಕಾದಷ್ಟಿದ್ದಾರೆ, ಸೀಟು ಸಿಗದ ದಿನ ನಾನೂ ಗೊಣಗಿದ್ದೇನೆ. ಈ ಉಪಯೋಗ ನನಗೂ ಗೊತ್ತಿರಲಿಲ್ಲ.

"ಪ್ರಾಜೆಕ್ಟ್ ಮುಗೀತಲ್ಲ, ಸಾಕು ಬಿಡು ಅಂತ ಮಗ ಬೈತಾನ," ಅಂದಳು ಅಕ್ಕ. "ಪ್ರಾಜೆಕ್ಟ್ ಮುಗೀತಂತ ಬಸರಾಗೂದು ನಿಲ್ಲತೈತೇನು ತಮ್ಮಾ?"

ಒಬ್ಬ ಆಶಾ ಕಾರ್ಯಕರ್ತೆಗೆ ಕೊಡುವಷ್ಟನ್ನಾದರೂ ತಾಲೂಕಿಗೊಬ್ಬ ಇಂಥ ಅಕ್ಕನಿಗೆ ಕೊಟ್ಟರೆ ಖಜಾನೆ ಬರಿದಾಗುತ್ತದೆಯೇ? ಜಿಲ್ಲೆಯಲ್ಲಿ ವರ್ಷಕ್ಕೆ ಸಿಗುವ ಇಂಥ ಬಸುರಿಯರ ಸಂಖ್ಯೆ ಈಗ ದೊಡ್ಡದಲ್ಲ. ದೊಡ್ಡದಲ್ಲ ಎಂಬ ಕಾರಣಕ್ಕೇ ಅವರು ಕಡತದ ತಳಕ್ಕೆ ಹೋಗುತ್ತಿದ್ದಾರೇನೋ ಎಂಬುದು ನನ್ನ ಅನುಮಾನ.

ಹದಿನೆಂಟು ತಿಂಗಳು

ಕೂಸಿನ ಪರೀಕ್ಷೆ ಒಂದೇ ದಿನದಲ್ಲಿ ಮುಗಿಯುವುದಲ್ಲ. ಆರು ವಾರಕ್ಕೆ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾರ್ಡಿನ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಆಮೇಲೆ ಮತ್ತೆ ಮತ್ತೆ ಪರೀಕ್ಷೆ. ಕಡೆಯ ಮಾತು ಹದಿನೆಂಟು ತಿಂಗಳಿಗೆ. ಅಲ್ಲಿಯತನಕ ತಾಯಿಯ ರಕ್ತದಿಂದ ಬಂದ ಅಂಶವೇ ಕೂಸಿನಲ್ಲಿ ಉಳಿದಿರಬಹುದಾದ್ದರಿಂದ ಮಾಮೂಲು ಪರೀಕ್ಷೆ ನಂಬುವ ಹಾಗಿಲ್ಲ. ಎಂದರೆ ಒಂದೂವರೆ ವರ್ಷ ಆ ತಾಯಿ ಪ್ರತಿ ಕೆಮ್ಮಿಗೆ, ಪ್ರತಿ ಭೇದಿಗೆ ಜೀವ ಹಿಡಿದುಕೊಂಡು ಕೂತಿರಬೇಕು. ಅಕ್ಕನಿಗೆ ಫೋನು ಹೆಚ್ಚು ಬರುವುದು ಈ ಕಾಲದಲ್ಲಿ. "ಅಕ್ಕಾ, ನಿನ್ನ ಮಗಗೂ ಹಿಂಗ ಮೈ ಬಿಸಿ ಆಗತಿತ್ತೇನು?" ಆಗತಿತ್ತು ತಂಗಿ, ಎಲ್ಲಾ ಕೂಸಿಗೂ ಆಗತೈತಿ, ದವಾಖಾನಿಗೆ ತೋರಸು.

ಎಲ್ಲ ಸಲವೂ ಸುದ್ದಿ ಒಳ್ಳೆಯದಿರುವುದಿಲ್ಲ. ನಡುವೆ ಔಷಧಿ ಬಿಟ್ಟ ಒಬ್ಬಾಕೆಯ ಕೂಸಿಗೆ ರೋಗ ಬಂತು. ಆ ಕೂಸಿಗೂ ಈಗ ಔಷಧಿ ನಡೆದಿದೆ, ಅಂಗನವಾಡಿಗೆ ಹೋಗುತ್ತದೆ. ಅದರ ಬಗ್ಗೆ ಅಕ್ಕ ಹೆಚ್ಚು ಮಾತಾಡಲಿಲ್ಲ. "ನಾ ಒಂದ್ ವಾರ ಲಗೂನ ಹೋಗಬೇಕಾಗಿತ್ತು," ಅಂದು ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು.

ಈ ಬಗ್ಗೆ ವಿಚಾರಿಸಬೇಕಾದವರಿಗೆ 1097 ಎಂಬ ಪುಕ್ಕಟೆ ಸಹಾಯವಾಣಿ ಇದೆ. ಹೆಸರು ಹೇಳಬೇಕಾಗಿಲ್ಲ.

ಹೋದ ತಿಂಗಳು ಇನ್ನೊಬ್ಬಾಕೆಯ ಕೂಸಿನ ಹದಿನೆಂಟು ತಿಂಗಳ ರಿಪೋರ್ಟು ಬಂತು. ಇಲ್ಲ ಅಂತ. ಆಸ್ಪತ್ರೆಯಿಂದ ಬಂದವಳೇ ಬಸ್ ಸ್ಟ್ಯಾಂಡಿನ ಮಿಠಾಯಿ ಅಂಗಡಿಗೆ ಹೋಗಿ ಅರ್ಧ ಕಿಲೋ ಪೇಡೆ ಕಟ್ಟಿಸಿದಳು. ಅಕ್ಕ ಜೊತೆಗಿದ್ದಳು. ಕೂಸು ಕಂಕುಳಲ್ಲಿ. ಅಂಗಡಿಯವರು ತೂಕ ಮಾಡುತ್ತಾ, "ಏನ್ ವಿಶೇಷ ಯವ್ವಾ?" ಅಂತ ಕೇಳಿದರು.

ಆಕೆ ಅಕ್ಕನ ಮುಖ ನೋಡಿದಳು.

"ಏನಿಲ್ರಿ, ಹಿಂಗ ಸುಮ್ನ," ಅಂದಳಂತೆ. ಅಂಗಡಿಯವರು ಕೂಸಿನ ಕೈಗೆ ಒಂದು ಪೇಡೆ ಹೆಚ್ಚಿಗೆ ಇಟ್ಟರು.